ಎಳೆಯಷ್ಟೇ ಸಂದಿ

“ಅಲ್ಲ ಸಾರ್, ಒಂದಿನ ಆತ ಬರಲೇ ಇಲ್ಲ ಅಂತಿಟ್ಕೊಳ್ಳಿ, ಆಗ ಆಕೆ ಗತಿ ಏನು?” ಎಂದು ಟ್ಯೂಷನ್ ಟೀಚರು ಕೇಳಿದಾಗ ಅವರ ಬಾಯಿಯ ಎಡಭಾಗ ಇನ್ನೂ ಮರಗಟ್ಟಿಯೇ ಇತ್ತು. ಮಾತು ಬಲಗಡೆಯ ಮೂಲೆಯಿಂದ ಸೋರಿ ಬರುತ್ತಿತ್ತು. ಕೊನೆಯ ಪದದ ಬೆನ್ನಿಗೇ ಒಂದಿಷ್ಟು ಜೊಲ್ಲೂ ಬಂತು. ಅದನ್ನು ಕರವಸ್ತ್ರದಲ್ಲಿ ಒತ್ತಿಕೊಂಡು, ಅದಕ್ಕೇನೂ ನಾಚದೆ, ಅವನ ಮುಖವನ್ನೇ ನೋಡುತ್ತ ಕೂತರು. ಅವನು ತನ್ನ ಬಲಗೆನ್ನೆಯನ್ನು ಅಂಗೈಯಲ್ಲಿ ಹೊತ್ತುಕೊಂಡಿದ್ದ. ಹಲ್ಲಿನ ಡಾಕ್ಟರಾದ ತಂಗಿಯ ಕ್ಲಿನಿಕ್ಕಿಗೆ ಅವನು ಬಂದು ಹೋಗುವುದು ಹೊಸದಲ್ಲ. ಆದರೆ ರೋಗಿಯಾಗಿ ಬಂದು ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸರದಿ ಕಾಯುತ್ತಿರುವುದು ಇದೇ ಮೊದಲು. ಆ ಯಂತ್ರದ ಕೊರೆಯುವ ಸದ್ದು ಗೋಡೆಯಾಚೆಯಿಂದ ಕೇಳಿದಾಗಲೆಲ್ಲ ಅವನು ಹೊರಬಾಗಿಲಿನತ್ತ ನೋಡುತ್ತಿದ್ದ. ಅದು ಸಾಲದೆಂಬಂತೆ ಕೌಂಟರಿನಲ್ಲಿದ್ದ ನರ್ಸಮ್ಮ, ಬಂದವರಿಗೆಲ್ಲ, “ಒಳಗೆ ಮಾಡಿಗೆ ಅಂಟಿಸಿರೋ ಪದ್ಯ ಇದೆಯಲ್ಲ, ಬರ್ದೋರು ಇವ್ರೇ. ನಮ್ ಡಾಕ್ಟ್ರ ಸ್ವಂತ ಅಣ್ಣ” ಎಂದು ಕೈ ತೋರಿಸಿ ಹೇಳಿಬಿಟ್ಟಿದ್ದಳು. ಗತಿ ಏನು ಅಂದರೆ ಏನಮ್ಮ ಅರ್ಥ, ಬರ್ತಾನೆ, ಕೊನೆಯ ಚರಣದಲ್ಲಿ ಬಂದೇ ಬಂದ ಅಂತ ಅಷ್ಟು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೀನಲ್ಲ ಎಂದು ಅವನಿಗೆ ನಾಲಿಗೆ ತುದಿಯವರೆಗೆ ಬಂತು. ಕೊನೆಯವರೆಗೆ ಓದುವ ತಾಳ್ಮೆ ಯಾರಿಗಿದೆ ಎಂದುಕೊಂಡ. ಹಾಗೆ ಅಂದುಕೊಂಡದ್ದರಲ್ಲಿ ಸಣ್ಣದೊಂದು ಸುಖವಿತ್ತು, ಅದನ್ನು ಪೂರ್ತಿ ಸವಿಯುವ ಮೊದಲೇ ಹಲ್ಲು ಒಂದು ಸಲ ಮಿಡಿದು ನೋವು ಕಿವಿಯವರೆಗೆ ಹತ್ತಿತು.

ಪದ್ಯ ಹುಟ್ಟಿದ್ದೂ ತಂಗಿಯ ಬಾಯಿಂದಲೇ. “ಅಣ್ಣಾ, ನಿನ್ ಪದ್ಯ ಯಾರ್ ಓದ್ತಾರೆ ಅಂತ ಕೊರಗ್ತೀಯಲ್ಲ, ನನ್ ಹತ್ರ ದಿನಾ ಜನ ಬಾಯಿ ತೆಗೆದ್ಕೊಂಡು ಮಾಡು ನೋಡ್ತಾ ಮಲಗಿರ್ತಾರೆ. ಎದ್ದು ಓಡೋ ಹಾಗೂ ಇಲ್ಲ. ಅಂಥಾ ಓದುಗರು ಎಲ್ಲಿ ಸಿಗ್ತಾರೆ ನಿಂಗೆ? ಬಾಯಿ ತೆರೆದ್ಕೊಂಡೇ ಓದೋ ಹಾಗಿರೋದೊಂದು ಬರಿ” ಎಂದು ಅವಳು ಊಟದ ಮೇಜಿನ ಮುಂದೆ ನಕ್ಕಿದ್ದಳು. ಅವಳದು ತಮಾಷೆ, ಅವನಿಗೆ ಅದು ಹುಚ್ಚಾಗಿ ಹಿಡಿಯಿತು. ತುಟಿಗೆ ತುಟಿ ತಾಗದ, ತುಟಿ ದುಂಡಗೂ ಆಗದ ಅಕ್ಷರಗಳನ್ನಷ್ಟೇ ಆಯ್ದು ಪದ್ಯ ಕಟ್ಟುವ ಒಂದು ಹಳೆಯ ಆಟ ಉಂಟು. ಪ, ಬ, ಮ ಕೂಡದು, ವ ಕೂಡದು, ಉ, ಒ ಕೂಡದು. ತನ್ನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತ, ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸುತ್ತ, ಅವನು ಪದಗಳನ್ನು ಒಂದೊಂದಾಗಿ ಬಾಯಿಯಲ್ಲಿ ಹಾಕಿಕೊಂಡು ತುಟಿ ಅಲ್ಲಾಡುತ್ತದೋ ಎಂದು ಅಲ್ಲಿದ್ದ ಕನ್ನಡಿಗಳಲ್ಲೆಲ್ಲ ನೋಡಿಕೊಂಡ. ಗಿರಾಕಿಯೊಬ್ಬಳು ತನ್ನನ್ನು ಅಣಕಿಸುತ್ತಿದ್ದಾನೆಂದು ತಿಳಿದು ಎದ್ದೇ ಹೋದಳು. ಎಷ್ಟು ಪದಗಳು ಬಿದ್ದುಹೋದವು! ಅಮ್ಮ ಇಲ್ಲ, ಅಪ್ಪ ಇಲ್ಲ, ಮನೆ ಇಲ್ಲ, ಊರು ಇಲ್ಲ, ನಾನು ನೀನು ಎರಡೂ ಇಲ್ಲ. ಉಳಿದದ್ದು ಅಷ್ಟೇ ಅಷ್ಟು, ಆ ಅಷ್ಟರಲ್ಲೇ ಒಂದು ದಿನ, ತಾನು ಹುಡುಕದಿದ್ದರೂ, ಅಜ್ಜಿ ಹೇಳುತ್ತಿದ್ದ ಕತೆಯೊಂದು ಬಂದು ಕೂತಿತು. ರಾಜನ ಆಳುಗಳು ಗಂಡನನ್ನು ಯುದ್ಧಕ್ಕೆ ಹಿಡಿದುಕೊಂಡು ಹೋದಾಗ ಬಸುರಿ ಹೆಂಗಸೊಬ್ಬಳು ಮರದ ಪೊಟರೆಯೊಳಗೆ ಹೊಕ್ಕು ಬಾಗಿಲಿಗೆ ತಾನೇ ಮಣ್ಣು ಮೆತ್ತಿಕೊಂಡಳಂತೆ. ಗಂಡ ಹಕ್ಕಿಯಾಗಿ ತಪ್ಪಿಸಿಕೊಂಡು ಬಂದು ಸಂದಿಯಿಂದ ಹಣ್ಣು ಕೊಟ್ಟನಂತೆ. ಕೊಂಬಿನಂಥ ಕೊಕ್ಕಿನ ಮಂಗಟ್ಟೆ ಹಕ್ಕಿಗಳಲ್ಲಿ ಹೆಣ್ಣು ಈಗಲೂ ಹಾಗೆಯೇ ಪೊಟರೆ ಹೊಕ್ಕು, ಗರಿ ಕಳಚಿ ಮೊಟ್ಟೆಗೆ ಕೂರುವುದು ಅದಕ್ಕೇ ಅಂತೆ. ಅಜ್ಜಿ ಸತ್ತು ಎಷ್ಟೋ ಕಾಲದ ಮೇಲೆ, ಗೆಳೆಯರ ಜೊತೆ ಕಾಡಂಚಿಗೆ ಹೋಗಿದ್ದಾಗ, ತಲೆಯ ಮೇಲೆ ಉಗಿಬಂಡಿ ಏದುಸಿರು ಬಿಟ್ಟ ಹಾಗೆ ಸದ್ದಾಗಿ, ಅಷ್ಟು ದೊಡ್ಡ ಕೊಕ್ಕಿನ ಹಕ್ಕಿ ಬಂದು ಕಾಂಡಕ್ಕೆ ಆತುಕೊಂಡು, ಗಂಟಲೊಳಗಿಂದ ಹಣ್ಣೊಂದನ್ನು ತೆಗೆದು, ಮರದ ಗಾಯದಂತಿದ್ದ ಸೀಳಿನೊಳಗೆ ಇಟ್ಟದ್ದನ್ನು, ಮತ್ತೊಂದು ತೆಗೆದು ಇಟ್ಟದ್ದನ್ನು, ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂದು ಅದನ್ನು ಮೆಲ್ಲಗೆ ಕಚ್ಚಿಕೊಂಡದ್ದನ್ನು ಅವನು ಕತ್ತು ನೋಯುವವರೆಗೆ ನಿಂತು ನೋಡಿದ್ದ. ಗೆಳೆಯರು ಹೊರಡೋಣ ಎಂದರೂ ಅವನಿಗೆ ಕೇಳಿಸಿರಲಿಲ್ಲ.

ಹಗಲಿನೆಡೆ ಕದ ಹಾಕಿದಾಕೆ,
ಎಳೆಯಷ್ಟೇ ಸಂದಿ ಇಟ್ಟಾಕೆ,
ತನ್ನದೆಲ್ಲ ಕಳಚಿ ಇಟ್ಟಾಕೆ.
ಆಚೆ ನಿಂತಾತ ದಿನ ದಿನ
ಹಣ್ಣ ತಂದ, ಹಣ್ಣಿನ ಕತೆಯ ತಂದ,
ಕಡೆಗೆ ಹಸಿರ ಗಾಳಿಯನೇ ತಂದ.
ಇಂದೇಕೆ ಆತ ಕಾಣಲಿಲ್ಲ?

ಇದಿಷ್ಟೂ ತುಟಿ ಕೂಡಿಸದೆ. ಆಮೇಲೆ ಒಂದು ಗೆರೆ ಬಿಟ್ಟು ಕೊನೆಯ ಚರಣ, ಅಲ್ಲಿ ಕಟ್ಟು ಬಿಚ್ಚಿ, ತುಟಿಗೆ ತುಟಿ ಬಡಿಯುವ ಪದಗಳು ಜಾತ್ರೆಗೆ ಬಂದ ಹಾಗೆ ಬರುತ್ತವೆ: “ಬಂದ, ಬಂದ, ಕೊಂಬಿನ ಕೊಕ್ಕಿನ ಒಡೆಯ ಬಂದ, ಮಣ್ಣ ಬಾಗಿಲ ಒಡೆದು ಮರಿಯೊಡನೆ ಹೊರಬಂದಳು ಮರದ ಮಗಳು, ಮಂಗಟ್ಟೆ.” ಹಕ್ಕಿಯ ಹೆಸರು ಅಲ್ಲೇ ಮೊದಲು ಬರುವುದು. ಭಾನುವಾರದ ಕವಿಗೋಷ್ಠಿಯಲ್ಲಿ ಛಂದಸ್ಸಿನ ಮೇಷ್ಟ್ರು, ಯಾರನ್ನೂ ಸುಲಭಕ್ಕೆ ಹೊಗಳದವರು, ಕಣ್ಣು ಮುಚ್ಚಿ ಕೇಳಿ, “ಇಷ್ಟು ಹೊತ್ತು ಬಾಯಿ ಕಟ್ಟಿಸಿ ಕೊನೇಲಿ ಬಿಟ್ಟೆಯಲ್ಲಪ್ಪ, ಅಲ್ಲಿ ನಿನ್ ಕೈ ಕಾಣ್ತು ನೋಡು. ಉಳಿದಿದ್ದು ಅದಕ್ಕೆ ಮೆಟ್ಟಿಲು ಅಷ್ಟೇ” ಎಂದಿದ್ದರು. ಅವನು ಆ ಮಾತನ್ನು ಮನೆಗೆ ಹೋಗಿ ಹೆಂಡತಿಗೂ, ಅವಳು ಕೇಳಿಸಿಕೊಳ್ಳಲಿಲ್ಲವೆಂದು ಇನ್ನೊಮ್ಮೆಯೂ ಹೇಳಿದ್ದ. ಕೂದಲು ನರೆತ ಮೇಲೆ ಬರುತ್ತಿರುವ ಅವನ ಮೊದಲ ಪುಸ್ತಕಕ್ಕೆ ಇದೇ ಕಡೆಯ ಪದ್ಯ. ಆ ಚರಣ ಕೊನೆಯ ಪುಟದಲ್ಲಿ ಒಂಟಿಯಾಗಿ, ರಾಜನ ಹಾಗೆ ನಿಂತಿದೆ. ಇವತ್ತು ಬೆಳಿಗ್ಗೆಯೇ ಪ್ರೆಸ್ಸಿನವರು ಫೋನು ಮಾಡಿ, “ತಿದ್ದೋದಿದ್ರೆ ಸಂಜೆಯೊಳಗೆ ಹೇಳ್ಬಿಡಿ ಸ್ವಾಮಿ, ಆಮೇಲೆ ನೀವು ಕಾಲಿಗೆ ಬಿದ್ರೂ ಆಗಲ್ಲ” ಎಂದಿದ್ದರು. ಅವನು, ತಿದ್ದೋದು ಏನೂ ಇಲ್ಲ, ಎಲ್ಲಾ ಗಟ್ಟಿಯಾಗಿದೆ ಎಂದಿದ್ದ.

“ನಮ್ಮಮ್ಮನೂ ಹಿಂಗೇ ಸಾರ್,” ಎಂದರು ಟೀಚರು, ಕರವಸ್ತ್ರ ಮಡಿಸಿಕೊಳ್ಳುತ್ತ. “ಮಲಗಿದಲ್ಲೇ. ಹಲ್ಲು ಕಚ್ಚಿಬಿಟ್ಟಿರ್ತಾಳೆ. ಸ್ಪೂನ್ ಹೋಗೋಕೆ ಇಷ್ಟೇ ಇಷ್ಟು ಜಾಗ ಬಿಡ್ತಾಳೆ, ಅದೂ ನಾನು ಹೋದ್ರೆ ಮಾತ್ರ. ನಮ್ಮಣ್ಣ ಹೋದ್ರೆ ಊಹೂಂ. ಗಂಜಿ ಕುಡಿಸ್ತಾ ಕುಡಿಸ್ತಾ ಬೀದೀಲಿ ಏನಾಯ್ತು, ಯಾವ ಹುಡುಗಿ ಗಣಿತದಲ್ಲಿ ಸೊನ್ನೆ ತಗೊಂಡ್ಳು, ಎಲ್ಲಾ ಹೇಳ್ತೀನಿ. ‘ಹಣ್ಣಿನ ಕತೆಯ ತಂದ’ ಅಂತ ಓದ್ತಿದ್ದ ಹಾಗೆ ನಂಗೆ ಹೆಂಗೋ ಆಗೋಯ್ತು. ಡಾಕ್ಟ್ರು ನೋಯ್ತಾ ಇದೆಯಾ ಅಂತ ನಿಲ್ಲಿಸ್ಬಿಟ್ರು.” ಅವರು ನಗಲು ನೋಡಿದರು, ಅರ್ಧ ಮುಖ ಮಾತ್ರ ನಕ್ಕಿತು. “ಒಂದಿನ ನಂಗೆ ಹುಷಾರಿಲ್ಲ ಅಂತಾದ್ರೆ? ಅದೇ ನೋಡಿ ನನ್ ಭಯ. ನೀವು ಅದನ್ನ ಹೆಂಗೆ ಬರೆದ್ರಿ?” ಅವನು ಏನೋ ಗೊಣಗಿದ. ಗೋಷ್ಠಿಯಲ್ಲಿ ಇದನ್ನು ಹೇಗೆ ಹೇಳಬಹುದು ಎಂದು ಮನಸ್ಸು ಆಗಲೇ ವಾಕ್ಯ ಜೋಡಿಸತೊಡಗಿತ್ತು, ಅದು ಗೊತ್ತಾಗಿ ಅವನಿಗೆ ಕೂತಲ್ಲೇ ಕಸಿವಿಸಿಯಾಯಿತು. ಯಾಕೆಂದರೆ ಇದುವರೆಗೆ ತಂಗಿ, ನರ್ಸಮ್ಮ ತಂದು ಒಪ್ಪಿಸಿದ ಓದುಗರ ಮಾತುಗಳನ್ನೆಲ್ಲ ಅವನು ಹಾಗೆಯೇ ಗೋಷ್ಠಿಯ ನಗೆಗೆ ಖರ್ಚು ಮಾಡಿದ್ದ. ಬೀಗದ ಅಂಗಡಿಯವನು ‘ಪದ್ಯ ಸರಿ, ಆದ್ರೆ ಒಳಗಿಂದ ಚಿಲಕ ಹಾಕಿದ್ರೋ ಹೊರಗಿಂದ್ಲೋ ಹೇಳ್ಲೇ ಇಲ್ವಲ್ಲ’ ಎಂದದ್ದು. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಕಾಲೇಜು ಹುಡುಗಿ ಇದು ಪಕ್ಕಾ ಹಾಸ್ಟೆಲ್ಲಿನ ಪದ್ಯ ಎಂದದ್ದು. ಹುಳುಕು ಹಲ್ಲಿನ ವ್ಯಾಪಾರಿಯೊಬ್ಬರು ‘ರೂಟ್ ಕೆನಾಲ್ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಬರ್ದಿಲ್ಲ, ಒಳಗೆ ಕೂತಿರೋದು ನರ ತಾನೆ?’ ಎಂದು ತಂಗಿಯ ಕೈ ಕುಲುಕಿದ್ದು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ‘ಕೊನೇಲಿ ಮಂಗಟ್ಟೆ ಅಂತ ಹೆಸರು ಹೇಳಿದ್ರೂ ನರ ಅಂತಾನಲ್ಲಯ್ಯ!’ ಅವನೂ ನಕ್ಕಿದ್ದ. ಆ ನಗುವಿನ ರುಚಿ ಈಗ ಯಾಕೋ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಪದಾರ್ಥದಂತೆ ನಾಲಿಗೆಗೆ ತಾಗುತ್ತಿತ್ತು. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ಹಕ್ಕಿ ಎಂದಿರಲಿಲ್ಲವಲ್ಲ.

“ಬಾರಪ್ಪ ಧೀರ,” ಎಂದು ತಂಗಿ ಬಾಗಿಲಲ್ಲಿ ನಿಂತು ಕರೆದಳು. ಮುಖಗವಸಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಅವು ಚಿಕ್ಕಂದಿನಲ್ಲಿ ಅವನನ್ನು ಜಾರುಬಂಡೆಯ ತುದಿಗೆ ದಬ್ಬುವ ಮೊದಲು ಹೊಳೆಯುತ್ತಿದ್ದ ಹಾಗೆಯೇ ಹೊಳೆಯುತ್ತಿದ್ದವು. ಈ ಕೋಣೆ ಅವನಿಗೆ ಚೆನ್ನಾಗಿ ಗೊತ್ತು. ಇದೇ ಕುರ್ಚಿಯ ಮೇಲೆ ಹತ್ತಿ ನಿಂತೇ ಅವನು ಮಾಡಿಗೆ ಪದ್ಯ ಅಂಟಿಸಿದ್ದು. ಮಲಗಿದವರ ಕಣ್ಣಿಗೂ ಮಾಡಿಗೂ ಎಷ್ಟು ದೂರ, ಆ ದೂರಕ್ಕೆ ಅಕ್ಷರ ಎಷ್ಟು ದಪ್ಪ ಇರಬೇಕು, ವಯಸ್ಸಾದವರಿಗೆ ಗೆರೆಗಳ ನಡುವೆ ಎಷ್ಟು ಬಿಡುವು ಬೇಕು ಎಂದೆಲ್ಲ ಅಂಗಡಿಯ ಅಕ್ಷರಪಟದ ಲೆಕ್ಕದಲ್ಲಿ ಅಳೆದು, ತಾನೇ ಬರೆಸಿ, ಒಂದು ಗುಳ್ಳೆಯೂ ಏಳದಂತೆ ಒತ್ತಿ, ಕೆಳಗಿಳಿದು, ನಿಂತುಕೊಂಡೇ ತಲೆಯೆತ್ತಿ ನೋಡಿ ತೃಪ್ತನಾಗಿದ್ದ. ಮಲಗಿ ನೋಡು ಎಂದು ತಂಗಿ ಹೇಳಿದಾಗ ಆ ಕುರ್ಚಿಯಲ್ಲಿ ಮಲಗುವುದಕ್ಕಿಂತ ಮಸಣದಲ್ಲಿ ಮಲಗುತ್ತೇನೆ ಎಂದಿದ್ದ. ಈಗ ಮಲಗಿದ. ಕುರ್ಚಿ ಹಿಂದಕ್ಕೆ ವಾಲುತ್ತ ವಾಲುತ್ತ ಹೋದಾಗ ಕಾಲು ತಲೆಗಿಂತ ಮೇಲಾದ ಹಾಗೆನಿಸಿ ಎರಡೂ ಕೈಗಳು ತಾವಾಗಿ ಹಿಡಿಗಳನ್ನು ಬಿಗಿಹಿಡಿದವು. ಸೂಜಿ ಚುಚ್ಚಿತು. “ಅಷ್ಟೇ, ಮುಗೀತು, ಕಣ್ ಬಿಡು, ನಿನ್ ಪದ್ಯ ಓದ್ಕೋ” ಎಂದು ತಂಗಿ ತೋಳಿರುವ ದೀಪವನ್ನು ಎಳೆದು ಅವನ ಬಾಯಿಯ ಮೇಲೆ ಹೊಂದಿಸಿದಳು.

ಕಣ್ಣು ಬಿಟ್ಟ. ಹಗಲಿನೆಡೆ ಕದ ಹಾಕಿದಾಕೆ. ಅಕ್ಷರಗಳು ಸ್ಪಷ್ಟವಾಗಿದ್ದವು, ಅಳತೆ ತಪ್ಪಿರಲಿಲ್ಲ, ಅದೊಂದು ಹೆಮ್ಮೆ ಮೊದಲು ಬಂತು. ಎಳೆಯಷ್ಟೇ ಸಂದಿ ಇಟ್ಟಾಕೆ. ತನ್ನ ಬಾಯಿ ತೆರೆದಿತ್ತು, ಅದರೊಳಗೆ ತಂಗಿಯ ಎರಡು ಬೆರಳು, ಒಂದು ಪುಟ್ಟ ಕನ್ನಡಿ, ಜೊಲ್ಲು ಹೀರುವ ಕೊಳವೆ. ಆ ಸಾಲು ಅವನದ್ದೆಂದು ಅನಿಸಲಿಲ್ಲ. ಯಾರೋ ಅವನನ್ನು ಇಲ್ಲಿ ಮಲಗಿಸುವುದು ಮೊದಲೇ ಗೊತ್ತಿದ್ದು ಬರೆದಿಟ್ಟ ಹಾಗಿತ್ತು. ತನ್ನದೆಲ್ಲ ಕಳಚಿ ಇಟ್ಟಾಕೆ; ಅವನ ಪುಸ್ತಕ ಓದುವ ಕನ್ನಡಕ, ವಾಚು, ಫೋನು ನರ್ಸಮ್ಮನ ಟ್ರೇಯಲ್ಲಿದ್ದವು. ಆಚೆ ನಿಂತಾತ ದಿನ ದಿನ. ಕೊರೆಯುವ ಯಂತ್ರ ಶುರುವಾಯಿತು, ತಲೆಬುರುಡೆಯೆಲ್ಲ ಗುಂಯ್ಯೆಂದಿತು, ಅವನು ಸಾಲನ್ನು ಹಗ್ಗದಂತೆ ಹಿಡಿದುಕೊಂಡು ಮುಂದಕ್ಕೆ ಜಗ್ಗಿದ. ಹಣ್ಣ ತಂದ. ಹಣ್ಣಿನ ಕತೆಯ ತಂದ. ಹಸಿರ ಗಾಳಿಯನೇ ತಂದ. ಇಂದೇಕೆ ಆತ ಕಾಣಲಿಲ್ಲ? ಅಷ್ಟೇ. ಅಲ್ಲಿಂದಾಚೆಗೆ ದೀಪ. ದೀಪದ ಬಿಳಿ ಬೆನ್ನು, ಅದರ ತೋಳು, ಸುತ್ತ ಕಣ್ಣು ಕುಕ್ಕುವ ಬೆಳಕಿನ ಬಳೆ. ಅವನು ಕತ್ತು ಎಡಕ್ಕೆ ಕೊಂಕಿಸಿದ. “ಅಲ್ಲಾಡ್ಬೇಡ,” ಎಂದಳು ತಂಗಿ. ಬಲಕ್ಕೆ ಕಣ್ಣು ಹೊರಳಿಸಿದ. ದೀಪವೇ. ಮಂಗಟ್ಟೆ ಇರಲಿಲ್ಲ. ಬಂದವನು ಬಂದಿರಲಿಲ್ಲ. ಬಾಗಿಲು ಒಡೆದಿರಲಿಲ್ಲ. ಆ ಪ್ರಶ್ನೆ ಒಂದೇ ಅಲ್ಲಿ, ಮಾಡಿನ ಬಿಳುಪಿನಲ್ಲಿ, ಉತ್ತರದ ಗುರುತೂ ಇಲ್ಲದೆ ನೇತಾಡುತ್ತಿತ್ತು, ಯಂತ್ರ ಕೊರೆಯುತ್ತಿತ್ತು, ತೆರೆದ ಬಾಯಿ ಮುಚ್ಚುವಂತಿರಲಿಲ್ಲ, ಏನೂ ಮಾಡುವಂತಿರಲಿಲ್ಲ. ಎಷ್ಟು ಹೊತ್ತು ಹಾಗಿದ್ದನೋ. ಎದೆಯೊಳಗೆ ಯಾವುದೋ ಒಂದು ಬಹಳ ದೊಡ್ಡ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು. ಆತ ಕಾಣದ ಆ ದಿನವನ್ನು ತಾನು ಬರೆದಿದ್ದರೂ ಅದರೊಳಗೆ ಒಂದು ಕ್ಷಣವೂ ಕೂತಿರಲಿಲ್ಲ. ಮುಂದಿನ ಚರಣದ ಜಾಣತನಕ್ಕೆ ಅವಸರವಾಗಿ ಅದನ್ನು ದಾಟಿ ಓಡಿದ್ದ. ಇಲ್ಲಿ ಮಲಗಿದವರೆಲ್ಲ ಅದರೊಳಗೇ ಕೂತಿದ್ದರು. ಬಾಯಿ ತೆರೆದುಕೊಂಡು, ಕೈ ಬಿಗಿಹಿಡಿದು, ಒಬ್ಬೊಬ್ಬರೇ.

ಯಂತ್ರ ನಿಂತಿತು. “ಏನೋ, ಕಣ್ಣಲ್ಲಿ ನೀರು? ನೋವಾಯ್ತಾ? ಕೈ ಎತ್ತು ಅಂದಿದ್ನಲ್ಲ,” ಎಂದು ತಂಗಿ ಮುಖಗವಸು ಇಳಿಸಿದಳು. ಅವನು ದೀಪದತ್ತ ಬೆರಳು ಮಾಡಿದ. ಅವಳಿಗೆ ಅರ್ಥವಾಗಲಿಲ್ಲ. ದೀಪವನ್ನು ದೂಡಿದ, ಮಾಡು ತೋರಿಸಿದ, ಮತ್ತೆ ದೀಪ ಎಳೆದುಕೊಂಡ. ತಂಗಿ ಬಗ್ಗಿ ಅವನ ತಲೆಯ ಪಕ್ಕಕ್ಕೆ ತನ್ನ ತಲೆ ತಂದು, ಅವನ ಕಣ್ಣಿನ ಎತ್ತರದಿಂದ ಮೇಲೆ ನೋಡಿದಳು.  ಆಮೇಲೆ ನಗು ತಡೆಯಲಾಗದೆ ಅವನ ಭುಜಕ್ಕೆ ಹಣೆ ಒತ್ತಿದಳು. “ಅಯ್ಯೋ ದೇವರೇ! ಇಷ್ಟ್ ದಿನ ಬಂದೋರೆಲ್ಲ ಮುಕ್ಕಾಲು ಪದ್ಯ ಓದಿ ಹೋಗಿದಾರೆ ಕಣೋ! ನಾನು ಯಾವತ್ತೂ ಕೆಳಗೇ ನೋಡ್ತಿರ್ತೀನಿ, ನಂಗೇನ್ ಗೊತ್ತು!”

“ಮತ್ತೆ ಎದ್ದ ಮೇಲೆ?” ಎಂದು ನರ್ಸಮ್ಮ ಟ್ರೇ ಹಿಡಿದುಕೊಂಡೇ ಬಂದಳು. “ಎದ್ದ ಮೇಲೆ ಉಗಿಯೋದು ನೋಡ್ತಾರೆ, ಮಾಡು ಯಾರ್ ನೋಡ್ತಾರೆ. ಅಲ್ಲ ಅಣ್ಣಾ, ಕನ್ನಡಕದ ಅಂಗಡಿ ಇಟ್ಕೊಂಡು ನಿಮಗೇ ಇದು ಕಾಣ್ಲಿಲ್ವಾ?”

“ಬಿಡು, ಪಾಪ,” ಎಂದಳು ತಂಗಿ. “ ದೀಪದ ಆಚೆ ಕಡೆ ಸರಿಸಿ ಇನ್ನೊಂದ್ಸಲ ಅಂಟಿಸಿದ್ರಾಯ್ತು. ಏನಿತ್ತಪ್ಪ ಆ ಕೊನೇದು? ಹೇಳು, ನಂಗೆ ಮರ್ತೇ ಹೋಗಿದೆ.”

ಅವನು ಹೇಳಲು ಹೊರಟ. ‘ಬಂದ’ ಎಂಬ ಮೊದಲ ಪದಕ್ಕೇ ತುಟಿಗಳು ಒಂದನ್ನೊಂದು ಹುಡುಕಿ ಸಿಗದೆ, ಗಾಳಿಯೊಂದು ಹೊರಬಂದು, ಗದ್ದದ ಮೇಲೆ ಜೊಲ್ಲು ಇಳಿಯಿತು. ಇನ್ನೊಮ್ಮೆ ಹೊರಟ. ಈ ಸಲ ಸದ್ದು ಇನ್ನೂ ಕೆಟ್ಟದಾಗಿತ್ತು. ತಂಗಿ, ನರ್ಸಮ್ಮ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು, ಅವನೂ ನಗಲು ಹೋಗಿ ಅರ್ಧ ಮುಖ ಮಾತ್ರ ನಕ್ಕಿತು. ಮೇಷ್ಟ್ರು ಮೆಚ್ಚಿದ ಆ ಚರಣ ಗದ್ದದಿಂದ ಅಂಗಿಯ ಮೇಲೆ ಬಿತ್ತು. ಅವಮಾನವಾಗಬೇಕಿತ್ತು, ಆಗಿದ್ದೂ ಹೌದು. ಆದರೆ ಅದು ತೀರ ಸಣ್ಣದಾಗಿ, ದೂರದಲ್ಲಿ, ಮರಗಟ್ಟಿದ ಕೆನ್ನೆಯನ್ನು ಬೇರೆಯವರು ಚಿವುಟಿದ ಹಾಗೆ ಆಯಿತು. ಅದರ ಹಿಂದೆ ಒಬ್ಬೊಬ್ಬರಾಗಿ ಅವರು ಬಂದರು. ಚಿಲಕ ಒಳಗೋ ಹೊರಗೋ ಎಂದವನು. ಹೌದಲ್ಲ, ಅದೇ ತಾನೆ ಕೇಳಬೇಕಾದದ್ದು, ಅವಳನ್ನು ಕೂಡಿಹಾಕಿದ್ದು ಯಾರು? ಹಾಸ್ಟೆಲ್ಲಿನ ಹುಡುಗಿ, ಭೇಟಿಯ ದಿನ ಗೇಟಿನ ಕಂಬಿ ಹಿಡಿದುಕೊಂಡು ಯಾರಿಗೆ ಕಾದಿದ್ದಳೋ. ನರ ಎಂದ ವ್ಯಾಪಾರಿ ತನ್ನ ನೋವನ್ನೇ ಹೆಂಗಸೆಂದು ತಿಳಿದು ಅವಳಿಗಾಗಿ ಮರುಗಿದ್ದ; ಎಂಥ ಕವಿ ಹಾಗೆ ಮಾಡಬಲ್ಲ! ಹಕ್ಕಿಯನ್ನು ಯಾರೂ ಕಾಣಲಿಲ್ಲ, ಯಾಕೆಂದರೆ ಎಲ್ಲರೂ ಹಕ್ಕಿಯ ಜಾಗದಲ್ಲೇ ಇದ್ದರು. ಕಾಡಂಚಿನಲ್ಲಿ ಕತ್ತು ಎತ್ತಿ ನಿಂತಾಗ ತಾನು ನೋಡಿದ್ದೂ ಹೆಸರನ್ನಲ್ಲ. ಆ ಸೀಳಿನಿಂದ ಬಂದ ಕೊಕ್ಕಿನ ತುದಿ, ಅಷ್ಟು ಮೆಲ್ಲಗೆ ಕಚ್ಚಿಕೊಂಡದ್ದು, ಅಷ್ಟೇ. ಆಗ ಗೆಳೆಯನೊಬ್ಬ ಮಂಗಟ್ಟೆ, ಮಂಗಟ್ಟೆ ಎಂದು ಕೂಗಿದ್ದಕ್ಕೆ ಹಕ್ಕಿ ಹಾರಿಹೋಗಿತ್ತು.

ಹೊರಗೆ ಬಂದಾಗ ಟೀಚರು ಹೋಗಿದ್ದರು. ಅಮ್ಮನ ಗಂಜಿಯ ಹೊತ್ತಾಗಿರಬೇಕು. ಅವರ ಕುರ್ಚಿಯಲ್ಲಿ ಈಗ ನಿವೃತ್ತ ಕಂಡಕ್ಟರು ಕೂತಿದ್ದರು. ಹಲ್ಲಿನ ಸೆಟ್ಟಿನ ನೆಪದಲ್ಲಿ ಮತ್ತೆ ಮತ್ತೆ ಬರುವವರು, ನರ್ಸಮ್ಮನಿಗೆ ‘ಮುಂದಕ್ಕೆ ಹೋಗ್ರೀ’ ಮಾಮ. “ಏನು ಕವಿಗಳೇ, ನೀವೂ ಬಾಯಿ ಬಿಟ್ರಾ?” ಎಂದು ಜಾಗ ಕೊಟ್ಟರು. “ನಾನು ಸೀರಿಯಸ್ಸಾಗಿ ಒಂದು ಮಾತು ಹೇಳ್ಬೇಕು ಅಂತಿದ್ದೆ. ಆ ‘ಆತ’ ಇದಾನಲ್ಲ, ಅವನು ನಾನು. ಕೊನೇ ಬಸ್ಸು ಮುಗಿಸಿ ಬರೋವರ್ಗೂ ನಮ್ಮ ಮನೆಯೋಳು ಕಿಟಕಿ ಹತ್ರ ಇರೋಳು. ಬೈಯೋಳು ಬಿಡಿ, ಬಾಯ್ತುಂಬ ಬೈಯೋಳು. ಈಗ ಅವಳೇ ಇಲ್ಲ. ಆದ್ರೂ ಇಲ್ಲಿ ಮಲಗಿದಾಗ ಒಂದು ಕ್ಷಣ ಏನನ್ಸುತ್ತೆ ಗೊತ್ತಾ? ಇವತ್ತು ಯಾಕೆ ಬರ್ಲಿಲ್ಲ ಅಂತ ಇನ್ನೂ ಕಿಟಕೀಲೇ ಇದಾಳೆ ಅಂತ. ನಂಗೆ ಈ ಪ್ಲೇಟು ಸರಿಯಾಗೇ ಕೂತಿದೆ. ಕೂತಿಲ್ಲ ಅಂತ ಸುಳ್ಳು ಹೇಳಿ ಬರ್ತೀನಿ.” ದನಿ ತಗ್ಗಿಸಿದರು. “ಡಾಕ್ಟ್ರಿಗೆ ಹೇಳ್ಬೇಡಿ ಮತ್ತೆ.”

“ಡಾಕ್ಟ್ರಿಗೆ ಗೊತ್ತು, ಒಳಗ್ ನಡೀರಿ ಮಾಮ,” ಎಂದಳು ನರ್ಸಮ್ಮ. ಅವನು ಅವಳ ಟ್ರೇಯಿಂದ ತನ್ನ ಫೋನು ತೆಗೆದು ಪ್ರೆಸ್ಸಿನ ನಂಬರು ಒತ್ತಿ, ಮಾತು ಹೊರಡದೆ, ಅವಳ ಕೈಗೇ ಕೊಟ್ಟ. ಪಕ್ಕದಲ್ಲಿದ್ದ ಔಷಧಿ ಚೀಟಿಯ ಬೆನ್ನ ಮೇಲೆ ಬರೆದು ತೋರಿಸಿದ. ಅವಳು ಓದಿ, ಅವನನ್ನು ನೋಡಿ, ಮತ್ತೆ ಓದಿದಳು.

“ಹಲೋ, ಹಲ್ಲಿನ ಆಸ್ಪತ್ರೆಯಿಂದ. ಕನ್ನಡಕದ ಅಣ್ಣನ ಪರವಾಗಿ. ಅವರ್ ಬಾಯಿ ಈಗ ಕೆಲ್ಸ ಮಾಡ್ತಿಲ್ಲ... ಪುಸ್ತಕದ ಕೊನೇ ಪದ್ಯದಲ್ಲಿ ಕೊನೇ ಚರಣ ತೆಗೀಬೇಕಂತೆ... ಹೂಂ, ಪೂರ್ತಿ... ನಂಗೇನ್ ಗೊತ್ತು ಸ್ವಾಮಿ, ಮೇಷ್ಟ್ರು ಮುನ್ನುಡೀಲಿ ಅದನ್ನೇ ಹೊಗಳಿದಾರೆ ಅಂದ್ರೆ ನಾನೇನ್ ಮಾಡ್ಲಿ?” ಅವಳು ಫೋನಿಗೆ ಅಂಗೈ ಮುಚ್ಚಿ ಅವನತ್ತ ತಿರುಗಿದಳು. ಮೇಷ್ಟ್ರ ಮುಚ್ಚಿದ ಕಣ್ಣು, ಕೈ ಕಾಣ್ತು ನೋಡು ಎಂದ ದನಿ, ಭಾನುವಾರ ಅವರೆದುರು ಕೂರಬೇಕಾದ ಜಮಖಾನೆ, ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂತು.  ಆದರೂ ತಲೆ ಅಲ್ಲಾಡಿಸಿದ, ಚರಣ ಬೇಡ, ತೆಗೆಯಲಿ. “ಹೊಗಳಿಕೆ ಸುಳ್ಳಾದ್ರೂ ಪರ್ವಾಗಿಲ್ವಂತೆ,” ಎಂದಳು ನರ್ಸಮ್ಮ ಫೋನಿಗೆ, ಮತ್ತೆ ಕೇಳಿಸಿಕೊಂಡು, “ಅಣ್ಣಾ, ಆ ಪುಟ ಪೂರ್ತಿ ಬೋಳಾಗುತ್ತಂತೆ. ಒಂದು ಚಿತ್ರ ಗಿತ್ರ, ಹಕ್ಕಿದೋ ಏನೋ, ಹಾಕ್ಲಾ ಅಂತ ಕೇಳ್ತಿದಾರೆ.”

“ಖಾಲಿ ಇರಲಿ,” ಎಂದ ಅವನು. ತುಟಿ ಕೂಡಬೇಕಿರದ ಮಾತು, ಸ್ಪಷ್ಟವಾಗಿಯೇ ಬಂತು.

ಒಳಕೋಣೆಯ ಬಾಗಿಲನ್ನು ಕಂಡಕ್ಟರು ಪೂರ್ತಿ ಮುಚ್ಚಿರಲಿಲ್ಲ. ಕುರ್ಚಿ ಅವರನ್ನು ಹೊತ್ತುಕೊಂಡು ನಿಧಾನಕ್ಕೆ ಹಿಂದಕ್ಕೆ ವಾಲಿತು, ಚಪ್ಪಲಿಯ ಒಂದು ಕಾಲು ಜಾರಿ ಕೆಳಗೆ ಬಿತ್ತು. ತಂಗಿ ದೀಪ ಎಳೆದಳು. ಬೆಳಕಿನಲ್ಲಿ ಮುದುಕನ ಬಾಯಿ ತೆರೆದುಕೊಂಡಿತು, ಕಣ್ಣುಗುಡ್ಡೆಗಳು ಎಡದಿಂದ ಬಲಕ್ಕೆ ಸರಿದವು, ಮತ್ತೆ ಎಡಕ್ಕೆ ಬಂದು ಬಲಕ್ಕೆ ಸರಿದವು, ಹಾಗೆಯೇ ಸಾಲು ಸಾಲು ಇಳಿದು ದೀಪದ ಅಂಚಿನಲ್ಲಿ ನಿಂತವು. ಬರಿಗಾಲಿನ ಬೆರಳುಗಳು ಒಮ್ಮೆ ಮುದುಡಿ, ಬಿಡಿಸಿಕೊಂಡವು.